ತಲೆಯ ಕಡೆ ಹಿಡಿದವನು

ಮೇಲಿನ ಪೇಟೆಯವರು ಅವರನ್ನು ಎತ್ತೋರು ಎನ್ನುತ್ತಿದ್ದರು. ಸತ್ತ ದನ, ಸತ್ತ ಕುದುರೆ, ಚರಂಡಿಗೆ ಬಿದ್ದ ನಾಯಿ, ವಾರಸುದಾರರಿಲ್ಲದ ಹೆಣ, ಏನೇ ಇರಲಿ ಎತ್ತುವವರು ಅವರು. ಇಳಿಜಾರಿನ ಕೆಳಗೆ, ಹಳ್ಳದ ಆಚೆ, ಪೇಟೆಯ ಗಾಳಿ ಹೋಗುವ ದಿಕ್ಕಿನಲ್ಲಿ ಅವರ ಮನೆಗಳಿದ್ದವು. ಗಾಳಿ ಅತ್ತಲಿಂದ ಇತ್ತ ಬೀಸಿದ ದಿನ ಪೇಟೆಯವರು ಕಿಟಕಿ ಮುಚ್ಚಿಕೊಂಡು ಬೈಯುತ್ತಿದ್ದರು. ಹುಡುಗರಿಗೆ ಅದೊಂದು ತಮಾಷೆ. "ಎತ್ತೋರು ಬಂದ್ರು, ಎತ್ತು ಬಚ್ಚಿಡ್ರೋ" ಎಂದು ಕೂಗಿ ಓಡುತ್ತಿದ್ದರು. ಅವರಲ್ಲೊಬ್ಬ ಮುದುಕ ಆ ಮಾತು ಕೇಳಿ ಕೇಳಿಯೇ ಮುದುಕನಾಗಿದ್ದ. ಅವನೂ ಜೊತೆಗೆ ನಗುತ್ತಿದ್ದ. ನಗದಿದ್ದರೆ ಇವನಿಗೆ ಸಿಟ್ಟು ಬಂತು ಅಂದುಕೊಳ್ಳುತ್ತಾರೆ. ಎತ್ತೋನಿಗೆ ಸಿಟ್ಟು ಬಂದರೆ ಪೇಟೆಗೆ ಅದು ಇನ್ನೂ ದೊಡ್ಡ ತಮಾಷೆ.

ಅಂಥ ಮುದುಕನಿಗೆ ಪೇಟೆಯ ಚೌಕದಲ್ಲಿ, ಮುಂದಿನ ಸಾಲಿನಲ್ಲಿ, ಒಂದು ಕುರ್ಚಿ ಇಡುವುದೆಂದು ತೀರ್ಮಾನವಾಯಿತು. ಅವನ ಮಗ ಯುದ್ಧದಲ್ಲಿ ಸತ್ತಿದ್ದ.

ಮಗ ದಂಡಿಗೆ ಸೇರಿದ್ದೇ ಎತ್ತುವುದನ್ನು ಬಿಡಲಿಕ್ಕೆ. ಹೊರಡುವ ದಿನ ಹಳ್ಳದಲ್ಲಿ ಕೂತು ಮರಳು ಹಾಕಿ ಕೈ ಉಜ್ಜಿದ. ಉಗುರಿನ ಸಂದಿಯಲ್ಲಿ ರಕ್ತ ಜಿನುಗುವ ತನಕ ಉಜ್ಜಿದ. ಸುಣ್ಣದ ತೊಟ್ಟಿಯಲ್ಲಿ ಸತ್ತ ದನದ ಚರ್ಮ ನೆನೆಹಾಕಿ ನೆನೆಹಾಕಿ ಅವನ ಅಂಗೈಗಳು ಬಿರಿದಿದ್ದವು. ಅದಕ್ಕೆ ಮರಳು ತಾಗಿ ಉರಿಯುತ್ತಿದ್ದರೂ ಬಿಡಲಿಲ್ಲ.

"ಅಲ್ಲಿ ಎಲ್ಲರಿಗೂ ಒಂದೇ ಬಣ್ಣದ ಅಂಗಿ ಅಪ್ಪ. ಯಾರು ಯಾರ ಮಗ ಅಂತ ಯಾರಿಗೂ ಗೊತ್ತಾಗಲ್ಲ" ಎಂದ.

"ಗೊತ್ತಾಗದಿದ್ರೆ ಒಳ್ಳೇದೇ ಆಯ್ತು. ನೀನಾಗಿ ಬಾಯಿ ಬಿಡಬೇಡ" ಎಂದ ಮುದುಕ.

ಸೊಸೆ ಬಾಗಿಲಲ್ಲಿ ನಿಂತು ಎರಡೂ ಕೇಳಿಸಿಕೊಂಡಿದ್ದಳು.

ಮಗ ಸತ್ತ ಸುದ್ದಿ ಮೊದಲು ಬಂತು. ಹೇಗೆ ಸತ್ತ ಎನ್ನುವುದು ಬಹಳ ದಿನದ ಮೇಲೆ, ಒಬ್ಬ ಕುಂಟ ಸಿಪಾಯಿಯ ಜೊತೆಗೆ ಬಂತು. ಅವನು ಮಗನ ಜೊತೆಗಾರ. ಕೋಲೂರಿಕೊಂಡು ಇಳಿಜಾರು ಇಳಿದು, ಹಳ್ಳ ದಾಟಿ, ಮನೆ ಹುಡುಕಿಕೊಂಡು ಬಂದ. ಮುದುಕ ಕಂಬಳಿ ಹಾಸಿದ. ಸಿಪಾಯಿ ಅದನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತ. ಕೊಟ್ಟ ನೀರು ಕುಡಿದ. ಆಮೇಲೆ ಹೇಳಿದ.

"ಮೊದಲನೇ ಸಲ ಗುಂಡು ನಿಂತಾಗ ನಮ್ಮೋರು ಸುಮಾರು ಜನ ಬಯಲಲ್ಲಿ ಬಿದ್ದಿದ್ರು. ತರೋಕೆ ನಮ್ಮನ್ನ ಕಳಿಸಿದ್ರು. ಇಬ್ಬರು ಹುಡುಗರು ಒಬ್ಬನ ಕೈ ಹಿಡಿದು ದರದರ ಎಳೀತಿದ್ರು. ತಲೆ ಕಲ್ಲಿಗೆ ಬಡ್ಕೊಳ್ತಿತ್ತು. ನಿಮ್ಮ ಮಗ ನೋಡಲಾರದೆ ಕೂಗಿಬಿಟ್ಟ. ಹಾಗಲ್ಲ ಕಣ್ರೋ, ತಲೆ ನೆಲಕ್ಕೆ ತಾಗಬಾರದು ಅಂತ. ತಾನೇ ಹೋಗಿ ತಲೆ ಕಡೆ ಹಿಡಿದ. ಅವನು ಹಿಡಿದ ಬಗೆ ನೋಡಿ ನಮ್ಮ ನಾಯಕ ಕೇಳಿದ, ಏನಯ್ಯ ನಿಮ್ಮ ಮನೆ ಕಸುಬು?"

ಮುದುಕ ಮುಂದಕ್ಕೆ ಬಾಗಿದ. "ಹೇಳಿಬಿಟ್ನಾ?"

"ಬಾಯಲ್ಲಿ ಹೇಳಲಿಲ್ಲ. ಕೈ ಹೇಳಿತ್ತಲ್ಲ."

ಮಾರನೆಯ ದಿನದಿಂದ ಅವನ ಬಂದೂಕು ವಾಪಸು ತೆಗೆದುಕೊಂಡರಂತೆ. ಎರಡು ಬಿದಿರಿನ ಗಳ, ನಡುವೆ ಹೊಲಿದ ಗೋಣಿ, ಇಷ್ಟು ಕೊಟ್ಟರಂತೆ. ನಮ್ಮವರ ಹೆಣ, ಅವರ ಹೆಣ, ಅರ್ಧ ಹೆಣ, ಎಲ್ಲವನ್ನೂ ಎತ್ತುವ ಕೆಲಸ ಅವನದೇ ಆಯಿತಂತೆ. ಉಣ್ಣುವಾಗ ಅವನ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲವಂತೆ.

"ನಾನೂ ಕೂರಲಿಲ್ಲ. ಮೊದಮೊದಲು" ಎಂದ ಸಿಪಾಯಿ. ಸುಮ್ಮನೆ ಕೋಲಿನ ತುದಿ ನೋಡುತ್ತಿದ್ದ. "ಜೊತೆಗೆ ಒಬ್ಬ ಬೇಕಲ್ಲ, ಗಳದ ಇನ್ನೊಂದು ತುದಿಗೆ. ನನ್ನನ್ನ ಹಾಕಿದ್ರು. ನಾನು ಕಾಲ ಕಡೆ, ಅವನು ತಲೆ ಕಡೆ. ತಲೆ ಕಡೆ ಯಾವತ್ತೂ ನನಗೆ ಕೊಡಲಿಲ್ಲ. ಕೊನೇ ದಿನ ನಡುಬಯಲಲ್ಲಿ ಒಬ್ಬ ಬಿದ್ದಿದ್ದ. ನಮ್ಮವನೋ ಅವರವನೋ ತಿಳೀದಷ್ಟು ಕೆಸರು. ಬಿಡೋ ಮಾರಾಯ, ಯಾರೂ ತಾ ಅಂದಿಲ್ಲ ಅಂದೆ. ಬಿಡೋದು ಹೇಗೋ, ಕಾಗೆ ಕೂತಿದೆ ಅಂದ. ಹೋದ್ವಿ. ಎತ್ತಿದ್ವಿ. ಗುಂಡು ಬಂತು. ಅವನು ಮೊದಲು ಆ ಹೆಣದ ತಲೆ ಮೆಲ್ಲಗೆ ನೆಲಕ್ಕೆ ಇಳಿಸಿದ. ಆಮೇಲೆ ತಾನು ಬಿದ್ದ."

ಒಳಗೆ ಸೊಸೆ ಚರ್ಮ ಹೆರೆಯುತ್ತಿದ್ದಳು. ಹೆರೆಯುವ ಸದ್ದು ನಿಂತಿತು.

ಮುದುಕ ಕೇಳಿದ. "ಅವನನ್ನ ಯಾರು ಎತ್ತಿದ್ರು?"

ಸಿಪಾಯಿ ಮುಖ ಮೇಲೆತ್ತಲಿಲ್ಲ. "ನನ್ನ ಕಾಲಿಗೂ ಗುಂಡು ಬಿದ್ದಿತ್ತು. ನಾನು ನೋಡ್ತಾ ಮಲಗಿದ್ದೆ. ಎಳೆದು ತಂದ್ರು, ಅಪ್ಪ. ಎತ್ತೋಕೆ ಬರ್ತಿದ್ದೋನು ಅವನೊಬ್ಬನೇ ಇದ್ದ."

ಅಲ್ಲೇ ಎಲ್ಲೋ ಹೂತರಂತೆ. ಸಿಪಾಯಿ ಹೋಗುವಾಗ ಮುದುಕನ ಕಾಲು ಮುಟ್ಟಲು ಬಗ್ಗಿದ. ಕುಂಟುಕಾಲು ಬಗ್ಗಲಿಲ್ಲ. ಮುದುಕ ಅವನ ರಟ್ಟೆ ಹಿಡಿದು ನಿಲ್ಲಿಸಿ, ಹಳ್ಳದ ತನಕ ಬಿಟ್ಟು ಬಂದ. ದಾರಿಯಲ್ಲಿ ಒಂದೇ ಮಾತು ಹೇಳಿದ: "ಪೇಟೆಯಲ್ಲಿ ಇದನ್ನ ಯಾರಿಗೂ ಹೇಳಬೇಡಪ್ಪ."

ಮೇಲಿನ ಪೇಟೆಯಲ್ಲಿ ಸ್ಮಾರಕ ಸಮಿತಿ ಎಂದೊಂದು ಆಯಿತು. ಗಿರಣಿ ಯಜಮಾನ ಅದಕ್ಕೆ ಅಧ್ಯಕ್ಷ. ಕಲ್ಲು, ಮರಳು, ಗಾಡಿ, ಎತ್ತು ಎಲ್ಲ ಅವನದೇ. ನಿವೃತ್ತ ಮೇಷ್ಟ್ರು ಕಾರ್ಯದರ್ಶಿ. ಪೇಟೆಯಿಂದ ಯುದ್ಧಕ್ಕೆ ಹೋಗಿ ಸತ್ತವನು ಒಬ್ಬನೇ. ಪಕ್ಕದ ಊರಿನಲ್ಲಿ ಪ್ರತಿಮೆ ನಿಂತಿತ್ತು. ಇಲ್ಲಿ ನಿಲ್ಲಿಸದಿದ್ದರೆ ಪೇಟೆಯ ಮಾನ ಹೋಗುತ್ತಿತ್ತು. ಸತ್ತವನು ಎತ್ತೋರ ಹುಡುಗ ಎಂಬುದು ಕೆಲವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಆದರೆ ಬೇರೆ ಯಾರೂ ಸತ್ತಿರಲಿಲ್ಲ.

ಮೇಷ್ಟ್ರು ಒಳ್ಳೆಯ ಮನುಷ್ಯ. ಕೆಟ್ಟ ಮಾತು ಆಡಿದವರಲ್ಲ. ಒಂದು ಸಂಜೆ ಇಳಿಜಾರು ಇಳಿದು ಹಳ್ಳದ ಈಚೆ ದಡದಲ್ಲಿ ನಿಂತು ಮುದುಕನನ್ನು ಕೂಗಿದರು. ದಾಟಲಿಲ್ಲ. ಮುದುಕ ಆಚೆ ದಡಕ್ಕೆ ಬಂದು ನಿಂತ. ನಡುವೆ ನೀರು ಹರಿಯುತ್ತಿತ್ತು. ಇಬ್ಬರೂ ಸ್ವಲ್ಪ ಜೋರಾಗಿಯೇ ಮಾತಾಡಬೇಕಾಯಿತು.

"ಏನಯ್ಯ, ಮಗ ಹೇಗೆ ಹೋರಾಡಿ ಸತ್ತ ಅಂತ ಏನಾದ್ರೂ ಗೊತ್ತಾ? ಕಲ್ಲಿನ ಮೇಲೆ ನಾಲ್ಕು ಮಾತು ಬರೆಸಬೇಕು."

ಮುದುಕ ಹೇಳಬಾರದು ಅಂದುಕೊಂಡಿದ್ದ. ಆದರೆ ಸತ್ತ ಮಗನ ವಿಷಯದಲ್ಲಿ ಸುಳ್ಳು ನಾಲಿಗೆಗೆ ಬರಲಿಲ್ಲ. ಸಿಪಾಯಿ ಹೇಳಿದ್ದನ್ನು ಅರ್ಧಂಬರ್ಧ ಹೇಳಿದ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. "ಹೆಣ ಎತ್ತೋವಾಗ ಸತ್ತ ಅಂತ ಕಲ್ಲಲ್ಲಿ ಬರೆಯೋಕಾಗುತ್ತೇನಯ್ಯ? ಮಕ್ಕಳು ಓದೋ ಜಾಗ."

"ಬರೀಬೇಡಿ ಮೇಷ್ಟ್ರೇ."

"ಗಳ ಹಿಡ್ಕೊಂಡ ಸೈನಿಕನ್ನ ಎಲ್ಲಾದ್ರೂ ನೋಡಿದೀಯಾ?"

"ಇಲ್ಲ ಮೇಷ್ಟ್ರೇ."

"ಕೈಗೆ ಒಂದು ಬಂದೂಕು ಕೊಟ್ಟುಬಿಡ್ತೀವಿ. ನಿನ್ನದೇನೂ ಅಭ್ಯಂತರ ಇಲ್ಲವಲ್ಲ?"

"ನನ್ನದೇನಿದೆ. ನೀವು ತಿಳಿದೋರು."

ಹೇಳಿದ್ದು ಅಷ್ಟೇ. ಆದರೆ ಹಾಗೆ ಹೇಳುವಾಗ ಮುದುಕನ ಹೆಗಲಿನಿಂದ ಏನೋ ಇಳಿದಂತಾಯಿತು. ಹಗುರವಾಯಿತು. ಮನೆಗೆ ಬರುವಷ್ಟರಲ್ಲಿ ಆ ಹಗುರಕ್ಕೇ ಅವನಿಗೆ ನಾಚಿಕೆ ಬಂತು. ಹೆಗಲ ಮೇಲಿದ್ದ ಮಗನನ್ನೇ ಕೆಡವಿ ಬಂದವನ ಹಾಗೆ ಅನ್ನಿಸಿತು.

ಸೊಸೆಗೆ ಹೇಳಿದಾಗ ಅವಳು ಚರ್ಮದ ಮೇಲಿಂದ ಕೈ ತೆಗೆಯದೆ ಕೇಳಿದಳು: "ಅವರು ಯಾರನ್ನಾದ್ರೂ ಕೊಂದ್ರಂತಾ ಮಾವ?"

"ಕೊಲ್ಲಲಿಲ್ಲ."

"ಮತ್ತೆ ಬಂದೂಕು ಯಾಕೆ?"

"ಸಿಪಾಯಿ ಅಂದ್ರೆ ಬಂದೂಕು ಇರಬೇಕಮ್ಮ. ಇಲ್ಲದಿದ್ರೆ ನೋಡಿದೋರು ನಗ್ತಾರೆ."

"ಬದುಕಿದ್ದಾಗ ಕೈ ಉಜ್ಜಿ ಉಜ್ಜಿ ಸಾಕಾದ್ರು. ಸತ್ತ ಮೇಲಾದ್ರೂ ಅವರ ಕೈ ಅವರ ಹತ್ರ ಇರಬಾರದಾ? ಅದನ್ನೂ ಕಿತ್ತು ಬೇರೆ ಕೈ ಜೋಡಿಸಬೇಕಾ?"

ಮುದುಕನಿಗೆ ಸಿಟ್ಟು ಬಂತು. ಮನೆಯೊಳಗೆ ಮಾತ್ರ ಬರುವ ಸಿಟ್ಟು. "ನೀನೇನು ಬಲ್ಲೆ? ಆ ಚೌಕದಲ್ಲಿ ನಾನು ಜೀವಮಾನವೆಲ್ಲ ನಿಂತೇ ಇದ್ದೀನಿ. ಅಂಗಡಿ ಮುಂದೆ ನಿಂತೆ, ಗಿರಣಿ ಮುಂದೆ ನಿಂತೆ. ದುಡ್ಡು ನೆಲಕ್ಕೆ ಹಾಕ್ತಾರೆ, ಬಗ್ಗಿ ತಗೊಂಡೆ. ಒಂದು ಸಲ, ಒಂದೇ ಒಂದು ಸಲ ಅಲ್ಲಿ ಕೂರ್ತೀನಿ ತಾಯಿ. ಎಲ್ಲರ ಕಣ್ಣೆದುರಿಗೆ. ಆಮೇಲೆ ಸತ್ರೂ ಚಿಂತೆ ಇಲ್ಲ. ಅದನ್ನ ಕೆಡಿಸಬೇಡ."

ಸೊಸೆ ಕೆಡಿಸಲಿಲ್ಲ. "ಆಯ್ತು. ಕೂತ್ಕೊಳ್ಳಿ" ಎಂದಳು. "ನನಗೆ ಮಾತ್ರ ಕುರ್ಚಿ ಬೇಡ ಅಂತ ಹೇಳಿ. ನಾನು ನೆಲದ ಮೇಲೆ ಕೂರ್ತೀನಿ. ದಂಡಲ್ಲಿ ಅವರ ಪಕ್ಕದಲ್ಲಿ ಯಾರೂ ಕೂರದಿದ್ದಾಗ ಅವರು ಹಾಗೇ ಕೂತಿರ್ತಾರೆ."

ಸಮಾರಂಭದ ದಿನ ಮುದುಕ ಬೆಳಕು ಹರಿಯುವ ಮುಂಚೆಯೇ ಹಳ್ಳಕ್ಕೆ ಹೋದ. ಮೇಷ್ಟ್ರು ಒಂದು ಬಿಳಿ ಅಂಗಿ ಕಳಿಸಿದ್ದರು, ಜೊತೆಗೆ ವಾಸನೆಯ ಸಾಬೂನು. ಸಾಬೂನು ಯಾಕೆ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮುದುಕ ಮರಳು ಹಾಕಿ ಉಜ್ಜಿದ, ಸಾಬೂನು ಹಾಕಿ ಉಜ್ಜಿದ. ಪಕ್ಕದ ಮನೆಯ ಬಾಯಿಬಡಕಿ ಅತ್ತಿಗೆ ನೀರಿಗೆ ಬಂದವಳು ನೋಡಿ, "ಏನಯ್ಯಾ ಮೈದುನ, ಮದುವೆ ಗಂಡಾಗಿದೀಯಾ? ಹೆಣ್ಣು ಯಾರು?" ಎಂದಳು.

"ಕುರ್ಚಿ ಕಣತ್ತಿಗೆ" ಎಂದ. ಇಬ್ಬರೂ ನಕ್ಕರು. ಅವಳು ಕೊಡ ಎತ್ತಿಕೊಳ್ಳುತ್ತ, "ನಮ್ಮನ್ನೆಲ್ಲ ಬರಬೇಡಿ ಅಂದಿದ್ದಾರೆ. ಜಾಗ ಸಾಲಲ್ಲವಂತೆ. ನಮ್ಮ ಹುಡುಗನ ಕಾರ್ಯಕ್ಕೆ ನಾವು ಬರೋ ಹಾಗಿಲ್ಲ. ನೀನೇ ನೋಡ್ಕೊಂಡು ಬಂದು ಹೇಳು" ಎಂದಳು. ಈಗ ನಗಲಿಲ್ಲ.

ಚೌಕ ತುಂಬಿತ್ತು. ನಡುವೆ ಕಲ್ಲಿನ ಕಟ್ಟೆ. ಅದರ ಮೇಲೆ ಆಳೆತ್ತರದ ಪ್ರತಿಮೆ, ಬಿಳಿ ಬಟ್ಟೆ ಹೊದೆಸಿ ದಾರ ಕಟ್ಟಿದ್ದರು. ಗಾಳಿಗೆ ಬಟ್ಟೆ ಅಂಟಿಕೊಂಡಾಗ ಒಳಗಿನ ಬಂದೂಕಿನ ಮೊನೆ ಕಾಣುತ್ತಿತ್ತು. ಮುಂದಿನ ಸಾಲಿನ ಅಂಚಿನಲ್ಲಿ ಮುದುಕನ ಕುರ್ಚಿ. ಅದರ ಪಕ್ಕದ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಮುದುಕ ಮೊದಲು ಸೀಟಿನ ತುದಿಯಲ್ಲಿ ಕೂತ. ಆಮೇಲೆ ಸ್ವಲ್ಪ ಹಿಂದಕ್ಕೆ ಸರಿದ. ಆಮೇಲೆ ಬೆನ್ನನ್ನು ಮೆಲ್ಲಗೆ ಕುರ್ಚಿಗೆ ತಾಗಿಸಿದ. ಯಾರೂ ಏನೂ ಅನ್ನಲಿಲ್ಲ. ಅಂಗಡಿಯವರು ನೋಡುತ್ತಿದ್ದರು. ಎರಡೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಮಗುಚಿ ಇಟ್ಟುಕೊಂಡ. ಸೊಸೆ ಸಾಲಿನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

ದಂಡಿನ ದೊಡ್ಡ ಅಧಿಕಾರಿಯೊಬ್ಬರು ಬರಬೇಕಿತ್ತು. ಅಷ್ಟರಲ್ಲಿ ಗಿರಣಿ ಯಜಮಾನನ ಗಾಡಿ ಬಂತು. ಹೆಸರು ಕೆತ್ತಿದ ಚಪ್ಪಡಿಯನ್ನು ಕೊನೆಯ ಗಳಿಗೆಯಲ್ಲಿ ತರುತ್ತಿದ್ದರು. ಒಂಟೆತ್ತಿನ ಗಾಡಿ. ಎತ್ತು ಮುದಿಯಾಗಿತ್ತು. ಕಟ್ಟೆಯ ಕಲ್ಲನ್ನೆಲ್ಲ ಎಳೆದು ಹಾಕಿದ್ದು ಅದೇ. ಗಾಡಿಯವನು ಬಾಲ ತಿರುಚಿದ. ಎತ್ತು ಕಟ್ಟೆಯ ಹತ್ತಿರ ಬಂದು, ಮುಂಗಾಲು ಮಡಿಸಿ, ಏನೋ ನೆನಪಾದಂತೆ ಒಂದು ಗಳಿಗೆ ಹಾಗೇ ಇದ್ದು, ಪಕ್ಕಕ್ಕೆ ಬಿತ್ತು. ಬಾಯಲ್ಲಿ ನೊರೆ ಬಂತು. ಕಾಲುಗಳು ಎರಡು ಸಲ ನೆಲ ಕೆರೆದವು. ಆಮೇಲೆ ಕೆರೆಯಲಿಲ್ಲ.

ಚಪ್ಪಡಿ ಇಳಿಸಿಕೊಂಡರು. ನೊಗ ಬಿಚ್ಚಿದರು. ಎತ್ತು ಪ್ರತಿಮೆಯ ಕಾಲ ಬುಡದಲ್ಲಿ ಬಿದ್ದಿತ್ತು. ಕುತ್ತಿಗೆ ಕಟ್ಟೆಯ ಅಂಚಿಗೆ ಸಿಕ್ಕಿ ತಲೆ ವಾರೆಯಾಗಿ ತಿರುಗಿತ್ತು. ಜನ ಎದ್ದು ನೋಡಿದರು. ಮೂಗಿಗೆ ಕೈ ಹಿಡಿದರು, ಇನ್ನೂ ವಾಸನೆ ಇಲ್ಲದಿದ್ದರೂ.

ಮುದುಕ ಎದ್ದ.

ಯಾರೂ ಹೇಳಿರಲಿಲ್ಲ. ಯಾರೂ ಅವನ ಕಡೆ ತಿರುಗಿಯೂ ಇರಲಿಲ್ಲ. ಮೊಣಕಾಲುಗಳು ತಾವೇ ಎದ್ದವು. ಬಿಳಿ ಅಂಗಿ ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟು ಎತ್ತಿನ ಹತ್ತಿರ ಹೋಗಿ, ಕಣ್ಣು ಮುಚ್ಚಿಸಿ, ವಾರೆಯಾಗಿದ್ದ ತಲೆಯನ್ನು ಸರಿಮಾಡಿದ. ಆಮೇಲೆ ತಾನು ಎಲ್ಲಿದ್ದೇನೆ ಎಂದು ಅವನಿಗೆ ಹೊಳೆಯಿತು. ತಿರುಗಿ ಸೊಸೆಯನ್ನು ನೋಡಿದ. ಅವಳು ತಲೆ ತಗ್ಗಿಸಿಕೊಂಡಿದ್ದಳು.

"ಸದ್ಯ! ನೀನಿದ್ದೀಯಲ್ಲ" ಎಂದ ಗಿರಣಿ ಯಜಮಾನ. ನಿಜವಾಗಿಯೂ ಅವನಿಗೆ ಸಮಾಧಾನವಾಗಿತ್ತು. "ಬೇಗ ಆ ಕಡೆ ಎಳೆದು ಹಾಕಿ ಬಂದುಬಿಡಯ್ಯ. ಸಾಹೇಬರು ಹೊರಟಾಗಿದೆಯಂತೆ."

"ಆಮೇಲೆ ಕೈಕಾಲು ತೊಳ್ಕೊಂಡು ಬಾ" ಎಂದರು ಮೇಷ್ಟ್ರು ಮೆತ್ತಗೆ. ಕುರ್ಚಿ ನೋಡಿಕೊಳ್ಳುತ್ತಿದ್ದವನ ಕಡೆ ತಿರುಗಿ, ಇನ್ನೂ ಮೆತ್ತಗೆ, "ಅವನ ಕುರ್ಚಿ ಹಿಂದೆ ಹಾಕಿಬಿಡು. ಸಾಹೇಬರು ಕೂರೋ ಸಾಲಲ್ಲಿ ಈಗ ಬೇಡ. ಮುಟ್ಟಿ ಬಂದಿರ್ತಾನೆ, ವಾಸನೆ" ಎಂದರು.

ಮೆತ್ತಗೆ ಹೇಳಿದ್ದು ಮುದುಕನಿಗೆ ಕೇಳಿಸಿತು. ಕುರ್ಚಿಯವನು ಬಿಳಿ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಸೊಸೆಯ ಮುಂದೆ ನೆಲಕ್ಕೆ ಹಾಕಿದ. ಕುರ್ಚಿ ಎತ್ತಿಕೊಂಡು ಹೋದ.

ಮುದುಕ ಎತ್ತಿನ ಮುಂಗಾಲು ಹಿಡಿದು ತೂಕ ನೋಡಿದ. ಅವನು ಕೇಳಿದ್ದು ಕೆಲಸದ ಮಾತು, ಜಗಳದ ಮಾತಲ್ಲ. "ಒಬ್ಬನಿಂದ ಏಳಲ್ಲ ಯಜಮಾನ್ರೇ. ನಾಲ್ಕು ಜನ ಬೇಕು. ನಮ್ಮೋರನ್ನ ಬರಬೇಡಿ ಅಂದಿದ್ದೀರಿ. ಇಲ್ಲೇ ಯಾರಾದ್ರೂ ಆ ಕಡೆ ಹಿಡೀರಿ, ಗಾಡಿಗೆ ಹಾಕೋಣ."

ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು. "ಏ ಮೇಷ್ಟ್ರೇ, ಕಾಲು ಹಿಡೀಬೇಕಂತೆ ನೀವು!" ಎಂದು ಹಿಂದಿನಿಂದ ಒಬ್ಬ ಕೂಗಿದ. ನಗು ಹಬ್ಬಿತು.

"ಎತ್ತೋದು ಯಾಕೆ? ಹಗ್ಗ ಕಟ್ಟಿ ಎಳಿ" ಎಂದ ಯಜಮಾನ.

"ನಾವು ಎಳೆಯೋರಲ್ಲ ಯಜಮಾನ್ರೇ."

"ಏನಂದೆ?"

"ಎಳೆಯೋರಲ್ಲ. ಎತ್ತೋರು. ನೀವೇ ಕರೆಯೋದು."

ಸೊಸೆ ಎದ್ದು ಬಂದಳು. ಹಿಂಗಾಲಿನ ಕಡೆ ಬಗ್ಗಿದಳು. ಮುದುಕ ಅವಳ ಕೈ ತಡೆದ. "ನೀನಲ್ಲ."

"ಬಿಡಿ ಮಾವ. ಮುಗಿಸಿ ಮನೆಗೆ ಹೋಗೋಣ."

"ನೀನಲ್ಲಮ್ಮ. ಇಷ್ಟು ಜನ ಇದ್ದಾರೆ." ತಿರುಗಿ ನಿಂತ. ಈಗಲೂ ದನಿ ಎತ್ತರಿಸಲಿಲ್ಲ. "ಇದು ನಿಮ್ಮ ಎತ್ತು. ನಿಮ್ಮ ಕಲ್ಲು ಎಳೆದು ಸತ್ತಿದೆ. ಮೂರು ಜನ ಬಂದು ಆ ಕಡೆ ಹಿಡೀರಿ. ಹಿಡಿಯದಿದ್ರೆ ಇದು ಇಲ್ಲೇ ಇರುತ್ತೆ. ನಾನು ಮುಟ್ಟಲ್ಲ."

ನಗು ನಿಂತಿತು. ಮುಟ್ಟಲ್ಲ ಎನ್ನುವ ಮಾತನ್ನು ಅವರು ಆ ಬಾಯಿಂದ ಕೇಳಿರಲಿಲ್ಲ. ಅದು ಅವರ ಮಾತು.

"ತಲೆ ತಿರುಗಿದೆಯೇನೋ ನಿನಗೆ? ಮಗ ಸತ್ತ ಅಂತ ಕುರ್ಚಿ ಕೊಟ್ರೆ ಹೆಗಲಿಗೇ ಏರ್ತೀಯಾ?" ಯಜಮಾನ ಮುಂದೆ ಬಂದ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಕಾರಿನ ಹಾರನ್ ಕೇಳಿಸಿತು. ವಾದ್ಯದವರು ಬಾರಿಸತೊಡಗಿದರು.

ಮೇಷ್ಟ್ರಿಗೆ ಕೈಕಾಲು ಆಡಲಿಲ್ಲ. ಅತ್ತ ಇತ್ತ ನೋಡಿದರು. ಓಡಿ ಹೋಗಿ ಪ್ರತಿಮೆಯ ದಾರ ಕಿತ್ತರು. ಬಿಳಿ ಬಟ್ಟೆ ಎಳೆದು, ಮುದುರಿ ಹಿಡಿದು ತಂದು, ಎತ್ತಿನ ಮೇಲೆ ಹೊದೆಸಿದರು. ಕೊಂಬು ಹೊರಗೆ ಕಾಣುತ್ತಿತ್ತು. ಅದರ ಮೇಲೂ ಎಳೆದರು.

ಮುದುಕ ಪ್ರತಿಮೆ ನೋಡಿದ. ನೆಟ್ಟಗೆ ನಿಂತ ಯಾರೋ ಒಬ್ಬ. ತಿರುಚಿದ ಮೀಸೆ, ಗುರಿ ಹಿಡಿದ ಬಂದೂಕು. ಮಗನ ಕಿವಿ ಇಲ್ಲ, ಮಗನ ಗದ್ದ ಇಲ್ಲ. ಕೈಗಳು ದಪ್ಪಗೆ, ನುಣ್ಣಗೆ ಇದ್ದವು. ಒಂದು ಬಿರುಕೂ ಇರಲಿಲ್ಲ.

ಅಧಿಕಾರಿ ಇಳಿದರು. ವಯಸ್ಸಾದವರು, ಎದೆಯ ತುಂಬ ಪದಕ. ಪ್ರತಿಮೆ ಆಗಲೇ ತೆರೆದಿತ್ತು. ಅದರ ಬುಡದಲ್ಲಿ ಹೊಸ ಬಿಳಿ ಬಟ್ಟೆ ಹೊದೆಸಿದ ದೊಡ್ಡದೇನೋ ಮಲಗಿತ್ತು. ಸುತ್ತ ಜನ ಸ್ತಬ್ಧರಾಗಿ ನಿಂತಿದ್ದರು. ಅಂಥ ಬಿಳಿ ಬಟ್ಟೆಗಳನ್ನು ಅವರು ಬಹಳ ನೋಡಿದ್ದರು. ಒಂದು ಹೆಜ್ಜೆ ಮುಂದೆ ಬಂದು, ಕಾಲು ಜೋಡಿಸಿ, ಸೆಲ್ಯೂಟ್ ಹೊಡೆದರು.

ಹಿಂದಿನ ಸಾಲಿನಲ್ಲಿ ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಗಿರಣಿ ಯಜಮಾನ ನೆಲ ನೋಡಿದ.

"ಅದು ಎತ್ತು, ಸಾಹೇಬ್ರೇ" ಎಂದ ಮುದುಕ.

ಅಧಿಕಾರಿ ತಿರುಗಿ ನೋಡಿದರು. ಮೈಮೇಲೆ ಅಂಗಿಯಿಲ್ಲದ ಮುದುಕ, ಮೊಣಕೈ ತನಕ ನೊರೆ. "ಯಾರಿವರು?"

"ಸತ್ತ ಹುಡುಗನ ತಂದೆ, ಸರ್" ಎಂದರು ಮೇಷ್ಟ್ರು. ಎಂದವರೇ ಮೈಕಿಗೆ ಓಡಿದರು. ಅವರಿಗೆ ತೋಚಿದ್ದು ಒಂದೇ ದಾರಿ. "ಮಹಾಜನರೇ, ವೀರನ ತಂದೆಯವರು ದುಃಖದಲ್ಲಿ ಮೈಮರೆತಿದ್ದಾರೆ. ಈಗ ಎಲ್ಲರೂ ಎದ್ದು ನಿಂತು, ಅಗಲಿದ ವೀರನ ಗೌರವಾರ್ಥ ಒಂದು ನಿಮಿಷ ಮೌನ ಆಚರಿಸಬೇಕು. ದಯವಿಟ್ಟು ಯಾರೂ ಮಾತಾಡಬಾರದು. ಯಾರೂ ಅಲುಗಾಡಬಾರದು."

ವಾದ್ಯ ನಿಂತಿತು. ಎಲ್ಲರೂ ಎದ್ದರು. ಕುರ್ಚಿಗಳ ಸದ್ದು ಅಡಗಿತು. ಅಧಿಕಾರಿ ಕೈಯನ್ನು ಹಣೆಗೆ ಹಚ್ಚಿ ಕಲ್ಲಿನಂತೆ ನಿಂತರು. ಅಂಗಡಿಯವರು ತಲೆ ತಗ್ಗಿಸಿದರು. ಚೌಕದಲ್ಲಿ ಸೂಜಿ ಬಿದ್ದರೂ ಕೇಳಿಸುವಂತಾಯಿತು.

ಆ ಮೌನದಲ್ಲಿ ಮುದುಕ ಮಾತಾಡಿದ. ಮೈಕು ಬೇಕಾಗಲಿಲ್ಲ.

"ನನ್ನ ಮಗನ ಕೈಯಲ್ಲಿ ಬಂದೂಕು ಇರಲಿಲ್ಲ" ಎಂದ. "ಗಳ ಇತ್ತು. ಅವನು ಅಲ್ಲಿ ಹೆಣ ಎತ್ತುತ್ತಿದ್ದ."

ಯಜಮಾನನ ತುಟಿ ಅಲುಗಿತು. ಮೌನದ ಹೊತ್ತು. ಮಾತಾಡುವ ಹಾಗಿರಲಿಲ್ಲ. ಮುಂದೆ ಬಂದು ಕೈ ಹಿಡಿದು ಎಳೆಯೋಣವೆಂದರೆ ಅಧಿಕಾರಿ ನಡುವೆ ನಿಂತಿದ್ದರು, ಅಲುಗಾಡುವ ಹಾಗಿರಲಿಲ್ಲ.

"ನಮ್ಮೋರ ಹೆಣ ಎತ್ತಿದ. ಅವರ ಹೆಣ ಎತ್ತಿದ. ಯಾರ ತಲೇನೂ ನೆಲಕ್ಕೆ ತಾಗಿಸಲಿಲ್ಲ. ನಾನು ಕಲಿಸಿದ್ದು. ನನಗೆ ನಮ್ಮಪ್ಪ ಕಲಿಸಿದ್ದು. ಅವನ ಪಕ್ಕ ಕೂತು ಉಣ್ಣೋಕೆ ಯಾರೂ ಬರ್ತಿರಲಿಲ್ಲವಂತೆ. ವಾಸನೆ ಅಂತ. ವಾಸನೆ ಅವನದ್ದಲ್ಲ. ಸತ್ತೋರದ್ದು."

ಉಸಿರು ತೆಗೆದುಕೊಂಡ.

"ನನಗೇ ನಾಚಿಕೆ ಆಯ್ತು. ನಾನೇ ಮೇಷ್ಟ್ರಿಗೆ ಹೂಂ ಅಂದೆ. ಮಗ ಮಾಡಿದ್ದು ಹೇಳಬೇಡಿ, ಬಂದೂಕು ಕೊಡಿ ಅಂದೆ. ಒಂದು ಕುರ್ಚಿ ಆಸೆಗೆ ಅಂದೆ. ಇವಳು ಹೇಳಿದ್ದು ಕೇಳಲಿಲ್ಲ." ಸೊಸೆಯ ಕಡೆ ಕೈ ಮಾಡಿದ. ಕುರ್ಚಿಯವನು ನೆಲಕ್ಕೆ ಹಾಕಿದ್ದ ಅಂಗಿಯನ್ನು ಅವಳು ಎತ್ತಿ ಧೂಳು ಕೊಡವುತ್ತಿದ್ದಳು. ಈಗ ಕೊಡವುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ಕೊನೆಗೆ ಅವನು ಬಿದ್ದಾಗ ಅವನನ್ನ ಎಳೆದು ತಂದ್ರಂತೆ. ಕೈ ಹಿಡಿದು. ಎತ್ತೋಕೆ ಯಾರಿಗೂ ಬರಲಿಲ್ಲವಂತೆ."

ಅಧಿಕಾರಿಯ ಕೈ ಹಣೆಯ ಮೇಲೆ ಇದ್ದೇ ಇತ್ತು. ಅವರು ಯಾರನ್ನೂ ನೋಡುತ್ತಿರಲಿಲ್ಲ. ಬಿಳಿ ಬಟ್ಟೆಯನ್ನು ನೋಡುತ್ತಿದ್ದರು.

"ಅವನಿಗೆ ಮರ್ಯಾದೆ ಮಾಡ್ತೀವಿ ಅಂತ ಬಂದಿದ್ದೀರಿ. ಮಾಡಿ. ಬೇಡ ಅನ್ನಲ್ಲ. ಹೂವು ಬೇಡ. ಇದರ ಕಾಲ ಕಡೆ ಮೂರು ಜನ ಬಂದು ಹಿಡೀರಿ. ಎತ್ತಿ ಗಾಡಿಗೆ ಹಾಕೋಣ. ಆಮೇಲೆ ಎಲ್ಲರೂ ಕೂತ್ಕೊಳ್ಳೋಣ. ನೀವೂ ಕೂತ್ಕೊಳ್ಳಿ, ನಾನೂ ಕೂತ್ಕೊಳ್ತೀನಿ."

ಅಷ್ಟು ಹೇಳಿ ಮುಗಿಸಿದ. ಬಟ್ಟೆಯ ಈ ತುದಿಯಲ್ಲಿ ನಿಂತ.

ನಿಮಿಷ ಯಾವಾಗಲೋ ಆಗಿಹೋಗಿತ್ತು. ಮೇಷ್ಟ್ರ ಕೈಯಲ್ಲಿ ಗಡಿಯಾರವಿತ್ತು. ಮೈಕು ಬಾಯಿಯ ಹತ್ತಿರವೇ ಇತ್ತು. ಇನ್ನು ಕೂತುಕೊಳ್ಳಬಹುದು ಎನ್ನಬೇಕಿತ್ತು, ಅಷ್ಟೇ. ಬಾಯಿ ತೆರೆದರು. ಮೈಕಿನಲ್ಲಿ ಅವರ ಉಸಿರು ಮಾತ್ರ ಚೌಕದ ತುಂಬ ಕೇಳಿಸಿತು. ಬಿಸಿಲು ಏರುತ್ತಿತ್ತು. ಜನ ಒಬ್ಬರ ಕಾಲನ್ನು ಒಬ್ಬರು ನೋಡುತ್ತ ನಿಂತೇ ಇದ್ದರು. ಯಾರೂ ಮುಂದೆ ಬರಲಿಲ್ಲ. ಕೂರುವುದಕ್ಕೂ ಯಾರಿಗೂ ಆಗಲಿಲ್ಲ.